ಅಯ್ಯನವರ ಪಾಲು

ಭಾಂಡುಪ್, ಮುಂಬಯಿ
6 ಮಾರ್ಚ್ 1994, ರವಿವಾರ

ಪ್ರೀತಿಯ ತಂಗಿ ದಾನವ್ವಳಿಗೆ ಅಕ್ಕ ರುದ್ರವ್ವನ ಆಶೀರ್ವಾದಗಳು.

ನಿನ್ನ ಮೊಣಕಾಲು ಈಗ ಹೇಗಿದೆ? ದಿನಾ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲಾ ಸೊಸೆಗೆ ಹೇಳಲು ಸಂಕೋಚವೆಂದು ಗೋಡೆ ಹಿಡಿದು ತಿರುಗುತ್ತೀಯೋ? ಸೊಸೆ ತಂದದ್ದು ಗೋಡೆಗೆ ಕೆಲಸ ಕೊಡಲು ಅಲ್ಲ, ನೆನಪಿರಲಿ. ವಿಜಾಪುರದಲ್ಲಿ ಬಿಸಿಲು ಶುರುವಾಗಿರಬೇಕು. ಮಧ್ಯಾಹ್ನ ಮಾಳಿಗೆ ಹತ್ತಿ ಹಪ್ಪಳ ಒಣಹಾಕುವ ಹುಚ್ಚು ಈ ವರ್ಷ ಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಈ ‘ಎಲ್ಲ’ ಎಂಬುದರಲ್ಲಿ ನಿನ್ನ ಮಗ ಸಂಗಪ್ಪನೂ ಸೇರಿದ್ದಾನೆ. ಆ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಂತು, ಕಣ್ಣು ಒರೆಸಿಕೊಳ್ಳುವುದಿದ್ದರೆ ಒರೆಸಿಕೊಂಡು, ಆಮೇಲೆ ಮುಂದೆ ಓದು.

ನಿನ್ನ ಪತ್ರದ ಅಂಚಿನಲ್ಲಿ ನಿನ್ನ ಯಜಮಾನರು ಶಿವಪುತ್ರಪ್ಪನವರು ತಮ್ಮ ಕೈಯಾರೆ ಒಂದು ಸಾಲು ಬರೆದಿದ್ದಾರೆ: ‘ಗುಣ ಆಗದ ಬೇನೆಗೆ ರೊಕ್ಕ ಯಾಕೆ ಚೆಲ್ಲಬೇಕು, ಖರ್ಚಿನ ಲೆಕ್ಕ ಕಳಿಸಿರಿ’ ಎಂದು. ಮಗನ ತೂಕ ಕೇಳಲಿಲ್ಲ, ಲೆಕ್ಕ ಕೇಳಿದರು. ಅಡತಿ ಅಂಗಡಿಯವರು, ಅವರಿಗೆ ಬರುವ ಭಾಷೆಯಲ್ಲಿ ಕೇಳಿದ್ದಾರೆ. ನನಗೂ ಅದೇ ಭಾಷೆ ಚೆನ್ನಾಗಿ ಬರುತ್ತದೆ. ಹಾಗಾಗಿ ಮೊದಲು ಲೆಕ್ಕ. ದೀಪಾವಳಿಯಿಂದ ಇಂದಿನವರೆಗೆ ಗುಳಿಗೆಗೆ ಆರು ಸಾವಿರದ ನಾನೂರ ಐವತ್ತು. ರಕ್ತ ಪರೀಕ್ಷೆಗಳಿಗೆ ಸಾವಿರದ ಒಂಬೈನೂರು. ಡಾಕ್ಟರರ ಫೀ ಇನ್ನೂರು, ಅದೂ ಮೊದಲ ಎರಡು ಸಲ ಮಾತ್ರ. ಆಮೇಲೆ ಅವರು ರೊಕ್ಕ ಬಿಟ್ಟು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತೆಗೆದುಕೊಳ್ಳತೊಡಗಿದರು. ಲೋಕಲ್, ಬಸ್ಸು, ಒಂದು ತೆಂಗಿನಕಾಯಿ ಎಲ್ಲ ಸೇರಿ ಮುನ್ನೂರ ಹತ್ತು. ಊಟ ಬಿಟ್ಟುಹೋದ ನಾಲ್ಕು ಮೆಂಬರುಗಳಿಂದ ನನ್ನ ಖಾನಾವಳಿಗೆ ಆದ ನಷ್ಟ ಸಾವಿರದ ನಾನೂರು. ಒಟ್ಟು ಹತ್ತು ಸಾವಿರದ ಇನ್ನೂರ ಅರವತ್ತು. ನಿನ್ನ ಹಿರಿಯ ಮಗನ ಲಗ್ನದಲ್ಲಿ ಬ್ಯಾಂಡಿನವರಿಗೂ ಮಂಟಪದವರಿಗೂ ಕೊಟ್ಟದ್ದು ಇದಕ್ಕಿಂತ ಹೆಚ್ಚು, ಆ ಬ್ಯಾಂಡಿನವನು ಅಕ್ಷತೆ ಬೀಳುವ ಮೊದಲೇ ಇನ್ನೊಂದು ಲಗ್ನಕ್ಕೆ ಓಡಿದ್ದ. ಇಲ್ಲಿ ಕೊಟ್ಟ ರೊಕ್ಕಕ್ಕೆ ಏನು ಬಂತು ಎಂಬುದನ್ನು ಮುಂದೆ ಬರೆಯುತ್ತೇನೆ. ಇದನ್ನು ಅವರಿಗೆ ಓದಿ ಹೇಳು. ಅವರು ಎದ್ದು ಹೊರಗೆ ಹೋದರೆ ಬಾಗಿಲಿಗೆ ಕೇಳುವಷ್ಟು ಗಟ್ಟಿಯಾಗಿ ಓದು.

ಅವರಿಗೆ ಓದಿ ಹೇಳುವುದಾದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯಬೇಕಾಗಿದೆ. ಸಂಗಪ್ಪ ಟೆಂಪೊ ಓಡಿಸುವುದನ್ನು ಬಿಟ್ಟು ಮಸ್ಕತ್ತಿಗೆ ಡ್ರೈವರನಾಗಿ ಹೋಗುತ್ತೇನೆಂದು ಹೊರಟದ್ದು ಕಳೆದ ವರ್ಷ. ಅಲ್ಲಿಗೆ ಹೋಗುವವರ ರಕ್ತ ನೋಡುತ್ತಾರೆ. ನೋಡಿದರು. ಏಜೆಂಟ್ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಬೆರಳ ತುದಿಯಿಂದ ತಳ್ಳಿ ವಾಪಸು ಕೊಟ್ಟನಂತೆ. ರೇಡಿಯೋದಲ್ಲಿ ಹೆದರಿಸಿ ಹೆದರಿಸಿ ಹೇಳುತ್ತಾರಲ್ಲ, ಆ ಏಡ್ಸ್ ಬೇನೆಯ ಹುಳ ರಕ್ತದಲ್ಲಿ ಇದೆ ಎಂದು ಗೊತ್ತಾದದ್ದು ಹೀಗೆ. ಅವನು ಆ ಕಾಗದ ಹಿಡಿದುಕೊಂಡು ನೇರ ವಿಜಾಪುರಕ್ಕೆ ಬಂದ. ಅವನ ಅಪ್ಪ ಅದನ್ನು ಯಾರ ಕೈಯಲ್ಲೋ ಓದಿಸಿದರು, ಅವನಿಗೆ ಹೊರಗಿನ ಕಟ್ಟೆಯ ಮೇಲೆ ಊಟ ಹಾಕಿಸಿದರು, ‘ಗುಣಾ ಮಾಡಿಕೊಂಡು ಬಾ’ ಎಂದು ಕಳಿಸಿದರು. ನೀನು ಒಳಗೆ ಅಳುತ್ತಿದ್ದೆ ಎಂದು ಇಲ್ಲಿಗೆ ಬಂದ ಮೇಲೆ ಅವನೇ ಹೇಳಿದ, ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಹೇಗೆ ಬಂತು ಎಂದು ನಾನು ಅವನನ್ನು ಕೇಳಲಿಲ್ಲ. ಖಾನಾವಳಿಗೆ ಬಂದವನನ್ನು ನಾನು ಕೇಳುವುದು ಉಂಡಿದ್ದೀಯಾ ಎಂದು ಮಾತ್ರ. ಅವನು ಉಣ್ಣುತ್ತಿರಲಿಲ್ಲ. ಬಾಯಿಯೊಳಗೆ ಬೆಳ್ಳಗೆ ಹುಣ್ಣು, ಮೇಲಿಂದ ಭೇದಿ, ಅಂಗಿಯೊಳಗೆ ಅಂಗಿಯೇ ಇದ್ದ ಹಾಗಿದ್ದ.

ಸಯನ್‌ನಲ್ಲಿ ಡಾಕ್ಟರ್ ರಮಾಮಣಿ ಎಂದು ಇದ್ದಾರೆ, ಮೈಸೂರು ಕಡೆಯವರು, ಅವರದೇ ಸಣ್ಣ ದವಾಖಾನೆ. ಅವರ ಕನ್ನಡ ಬೆಣ್ಣೆ ಹಚ್ಚಿದ ಹಾಗೆ, ಬೈದರೂ ಬೈದದ್ದು ತಿಳಿಯುವುದು ಲೋಕಲ್ ಹತ್ತಿದ ಮೇಲೆ. ಅವರು ಸಂಗಪ್ಪನ ಬಾಯಿ ನೋಡಿ, ಎದೆ ನೋಡಿ, ರಕ್ತದ ಕಾಗದ ನೋಡಿ, ನನ್ನನ್ನು ಕೂರಿಸಿಕೊಂಡು ಹೇಳಿದರು: “ನೋಡಿ ಅಮ್ಮ, ಇದನ್ನ ಬೇರುಸಹಿತ ಕಿತ್ತುಹಾಕೋ ಔಷಧಿ ಇನ್ನೂ ಬಂದಿಲ್ಲ. ಆದ್ರೆ ಹಿಡಿದು ನಿಲ್ಲಿಸೋ ಔಷಧಿ ಇದೆ. ಮೊದಲು ಹೊರದೇಶದಿಂದ ತರಿಸ್ಬೇಕಿತ್ತು, ಈಗ ಇಲ್ಲೇ ಮಾಡ್ತಾರೆ, ಬೆಲೆ ಇಳಿದಿದೆ. ಇಳಿದಿದೆ ಅಂದ್ರೂ ಜಾಸ್ತೀನೇ ಇದೆ.” ಮುಟ್ಟಿದರೆ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ, ಅವನು ತಟ್ಟಿದ ರೊಟ್ಟಿಯಿಂದ ಬರುವುದಿಲ್ಲ ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ನಾನೇ ಕೇಳಿ ಹೇಳಿಸಿಕೊಂಡೆ, ಯಾಕೆಂದರೆ ನಾನು ಅದನ್ನು ಐವತ್ತು ಜನರಿಗೆ ಹೇಳಬೇಕಾಗುತ್ತದೆ ಎಂದು ಆಗಲೇ ಹೊಳೆದಿತ್ತು. ಹಿಟ್ಟಿನ ಗಿರಣಿ ಕೊಳ್ಳಲು ಕೂಡಿಟ್ಟ ರೊಕ್ಕ ಇತ್ತು, ಅದನ್ನೇ ಮುರಿದೆ. ದೀಪಾವಳಿಗೆ ಮೊದಲ ಬಾಟಲಿ ಮನೆಗೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಖಾನಾವಳಿಯ ಪದ್ಧತಿ ನಿನಗೆ ಗೊತ್ತು, ತವರಿನಲ್ಲಿ ಅವ್ವನ ಕಾಲದಿಂದ ಬಂದದ್ದೇ. ಹೊಸ ಒಲೆ ಹೂಡಿದರೂ, ಹೊಸ ಚೀಲ ಬಿಚ್ಚಿದರೂ, ಮೊದಲ ಪಾಲು ಜಂಗಮರಿಗೆ. ಅಯ್ಯನವರ ಪಾಲು ಎತ್ತಿಡದೆ ಮನೆಯಲ್ಲಿ ಯಾವುದನ್ನೂ ಬಾಯಿಗೆ ಹಾಕುವುದಿಲ್ಲ. ನಾನು ಬಾಟಲಿಗೂ ವಿಭೂತಿ ಹಚ್ಚಿ, ಜೋಳದ ಚೀಲಗಳ ಪಕ್ಕದಲ್ಲಿ ಇಟ್ಟು ಪೂಜೆ ಮಾಡಿದೆ. ಆಮೇಲೆ ಸಂಗಪ್ಪನ ಕೈಗೆ ಕೊಟ್ಟೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡು ಗುಳಿಗೆ. ಮೊದಲ ಎರಡು ವಾರ ಅವನಿಗೆ ತಲೆನೋವು, ಓಕರಿಕೆ. ಒಗ್ಗರಣೆಯ ವಾಸನೆ ಬಂದರೆ ಓಡುತ್ತಿದ್ದ; ಖಾನಾವಳಿಯಲ್ಲಿ ಒಗ್ಗರಣೆಯಿಂದ ಓಡಿ ಎಲ್ಲಿಗೆ ಹೋಗುವುದು? ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರುತ್ತಿದ್ದ. “ದೊಡ್ಡವ್ವ, ಬ್ಯಾನಿಕಿಂತ ಗುಳಿಗಿ ಜೋರ್ ಐತಿ ನೋಡು” ಎನ್ನುತ್ತಿದ್ದ. ಡಾಕ್ಟರರು ಮೊದಲೇ ಎಚ್ಚರಿಸಿದ್ದರು, ಇದು ಹೋಗುತ್ತದೆ, ನಿಲ್ಲಿಸಬೇಡಿ ಎಂದು. ಅವನ ಬಾಯಿ ಹುಣ್ಣಾಗಿದ್ದರಿಂದ ನಾನು ಸಾರಿಗೆ ಖಾರ ಕಡಿಮೆ ಮಾಡಿದೆ. ಒಬ್ಬನಿಗೆ ಬೇರೆ ಪಾತ್ರೆ ಇಟ್ಟರೆ ಹತ್ತು ಜನ ಯಾಕೆ ಎಂದು ಕೇಳುತ್ತಾರೆ, ಹಾಗಾಗಿ ಎಲ್ಲರಿಗೂ ಕಡಿಮೆ ಮಾಡಿದೆ.

ಓಕರಿಕೆ ನಿಂತಿತು, ಹುಣ್ಣು ಮಾಯ್ದಿತು, ಆದರೆ ತೂಕ ಮಾತ್ರ ಏರಲೊಲ್ಲದು. ಡಿಸೆಂಬರಿನಲ್ಲಿ ರಕ್ತ ಪರೀಕ್ಷೆಯ ಕಾಗದ ಹಿಡಿದು ಹೋದಾಗ ಡಾಕ್ಟರರು ಅವನನ್ನು ತೂಕದ ಕಾಟೆಯ ಮೇಲೆ ಎರಡು ಸಲ ನಿಲ್ಲಿಸಿದರು. “ಸಂಗಪ್ಪ, ನಾನು ಬರೆದಷ್ಟೂ ತಗೊಳ್ತಿದ್ದೀಯಾ?” ಎಂದರು. ಹೌದ್ರಿ ಎಂದ. “ನಿಜ ಹೇಳು. ಈ ಮುಳ್ಳು ನನ್ ಹತ್ರ ಬೇರೆ ಮಾತು ಹೇಳ್ತಾ ಇದೆ” ಎಂದರು. ನಿನ್ನ ಮಗ ನೆಲ ನೋಡುತ್ತ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗಲ್ಲ, ಸಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ ಹೇಳಿದ: “ಹೊತ್ತಿಗಿ ಎರಡ್ರಾಗ ಒಂದು ಅಯ್ಯಾರಿಗಿ ಕೊಡ್ತೀನ್ರಿ. ಅವರಿಗೂ ಇದೇ ಬ್ಯಾನಿ ಐತ್ರಿ. ನೀವ ಅವರಿಗೂ ಇದೇ ಗುಳಿಗಿ ಬರದೀರಿ, ತಗೊಳ್ಳಾಕ ಅವರ ಕಡೆ ರೊಕ್ಕಿಲ್ರಿ. ಅವರನ್ನ ಬಿಟ್ಟು ನಾ ಒಬ್ಬನ ಹ್ಯಾಂಗ್ ನುಂಗ್ಲಿ?”

ದವಾಖಾನೆಯ ಬೆಂಚಿನ ಮೇಲೆ ಅವನಿಗೆ ಸಿಕ್ಕವರು ಚನ್ನಬಸಯ್ಯನವರು ಎಂಬ ಜಂಗಮರು, ಬೆಳಗಾವಿ ಕಡೆಯವರು, ಸಯನ್‌ನ ಒಂದು ಬಟ್ಟೆ ಅಂಗಡಿಯ ವಾಚಮನ್. ನಲವತ್ತರ ಮೇಲಿನ ವಯಸ್ಸು. ಹೆಂಡತಿ ತವರಿಗೆ ಹೋದವಳು ಬರಲಿಲ್ಲ. ಸಂಗಪ್ಪ ವಾರಕ್ಕೊಮ್ಮೆ ಕಾಗದದ ಪುಡಿಕೆಯಲ್ಲಿ ಗುಳಿಗೆ ಕಟ್ಟಿಕೊಂಡು ಹೋಗಿ, ಕಾಲಿಗೆ ನಮಸ್ಕಾರ ಮಾಡಿ ಕೊಟ್ಟು ಬರುತ್ತಿದ್ದನಂತೆ. ಮನೆಯಲ್ಲಿ ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಕಲಿತ ಮಗನನ್ನು ಎಲ್ಲಿ ಹೊಡೆಯುವುದು? ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದು ಪ್ರಸಾದ ಅಲ್ಲಪ್ಪ, ಎಲ್ಲರಿಗೂ ಚೂರು ಚೂರು ಸಾಕು ಅನ್ನೋದಕ್ಕೆ. ಅರ್ಧ ತಗೊಂಡ್ರೆ ಬುದ್ಧಿ ಬರೋದು ರೋಗಕ್ಕೆ, ನಿಮಗಲ್ಲ. ಇಬ್ಬರೂ ಪೂರ್ತಿ ತಗೊಳ್ಳಿ. ಆಗೋದಿಲ್ಲ ಅಂದ್ರೆ ಒಬ್ಬರಾದ್ರೂ ಪೂರ್ತಿ ತಗೊಳ್ಳಿ” ಎಂದರು. ಸಂಗಪ್ಪ ತಟ್ಟನೆ, “ಹಂಗಾದ್ರ ಅಯ್ಯಾರಿಗೇ ಪೂರ್ತಿ ಕೊಡ್ರಿ” ಎಂದ. ನಾನು ಅವನ ತೊಡೆ ಚಿವುಟಿದ ಗುರುತು ಇನ್ನೂ ಇರಬಹುದು.

ಅಲ್ಲಿಂದ ನೇರ ಆ ಬಟ್ಟೆ ಅಂಗಡಿಗೆ ಹೋದೆ, ಜಗಳಕ್ಕೆ. ಅಯ್ಯನವರು ಶಟರಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ಕೊರಳಲ್ಲಿ ಲಿಂಗ, ಮೈಮೇಲೆ ಖಾಕಿ, ಖಾಕಿಯೊಳಗೆ ಏನೂ ಇಲ್ಲ. ಒಬ್ಬ ಹುಡುಗನ ಜೀವದ ಅರ್ಧ ಇಸಕೊಂಡು ನುಂಗುತ್ತೀರಲ್ಲ ಎಂದು ಕೇಳಿದೆ. ಅವರಿಗೆ ಅರ್ಧ ಎಂಬುದೇ ಗೊತ್ತಿರಲಿಲ್ಲ. ಉಳಿದದ್ದರಲ್ಲಿ ಕೊಡುತ್ತಾನೆ ಎಂದುಕೊಂಡಿದ್ದರು. ಮುಖ ಕಪ್ಪಿಟ್ಟಿತು. “ಭಕ್ತ ತಂದು ಮುಂದ ಇಟ್ಟದ್ದು ಬ್ಯಾಡ ಅನ್ನೂದು ನಮ್ಮಪ್ಪ ಕಲಿಸಿಲ್ಲವ್ವ” ಎಂದರು. “ನಿಮ್ಮಪ್ಪ ರೊಟ್ಟಿ ವಿಷಯ ಹೇಳ್ಯಾರ, ಗುಳಿಗಿ ವಿಷಯ ಅಲ್ರಿ” ಎಂದೆ. ಅವರು ಸ್ಟೂಲಿನಿಂದ ಎದ್ದು, “ರೊಟ್ಟಿ ಇದ್ರ ಈಗೂ ಬ್ಯಾಡ ಅನ್ನಂಗಿಲ್ಲ” ಎಂದರು. ದಾನವ್ವ, ಜಗಳಕ್ಕೆ ಹೋದವಳು ಜಂಗಮರನ್ನು ಕರೆದುಕೊಂಡು ಲೋಕಲ್‌ನಲ್ಲಿ ಭಾಂಡುಪ್‌ಗೆ ಬಂದೆ. ಅಂದು ಅವರು ಉಂಡದ್ದನ್ನು ನೋಡಿ, ಇವರಿಗೆ ಗುಳಿಗೆಯ ಜೊತೆ ಇನ್ನೊಂದು ಔಷಧವೂ ಬೇಕಾಗಿತ್ತು, ಅದು ನನ್ನ ಅಂಗಡಿಯಲ್ಲೇ ಸಿಗುತ್ತದೆ ಎಂದು ತಿಳಿಯಿತು. ಈಗ ಅವರು ನಮ್ಮಲ್ಲೇ ಇದ್ದಾರೆ, ಊಟದ ಡಬ್ಬಿಗಳ ಮೇಲ್ವಿಚಾರಣೆ ನೋಡುತ್ತಾರೆ. ಅವರ ಲೆಕ್ಕ ಬೇರೆ, ಅದನ್ನು ನಿನ್ನ ಯಜಮಾನರಿಗೆ ಕಳಿಸುವುದಿಲ್ಲ.

ಈಗ ಒಂದರ ಬದಲು ಎರಡು ಬಾಟಲಿ ಬೇಕು. ಅರ್ಧ ಕೊಟ್ಟು ಇಬ್ಬರನ್ನೂ ಕಳೆದುಕೊಳ್ಳುವ ವ್ಯಾಪಾರ ನನಗೆ ಬರುವುದಿಲ್ಲ, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಉಳಿಸಿಕೊಳ್ಳುವುದು ಸಂಗಪ್ಪನಿಗೆ ಬರುವುದಿಲ್ಲ. ನಾನು ಯೋಚಿಸಿದೆ, ಜೋಳವನ್ನು ಕಿಲೋ ಲೆಕ್ಕದಲ್ಲಿ ಕೊಂಡರೆ ಖಾನಾವಳಿ ನಡೆಯುತ್ತದೆಯೇ? ಗುಳಿಗೆಯನ್ನು ಯಾಕೆ ಚಿಲ್ಲರೆಯಲ್ಲಿ ಕೊಳ್ಳಬೇಕು? ಡಾಕ್ಟರರನ್ನು ಕೇಳಿದೆ, ಇಂಥವರು ಇನ್ನೂ ಯಾರಿದ್ದಾರೆ ಎಂದು. ಅವರು ಹೆಸರು ಹೇಳಲಿಲ್ಲ, ಹೇಳುವ ಹಾಗಿಲ್ಲ ಎಂದರು, ಆದರೆ ನನ್ನ ಮಾತನ್ನು ಅಂಥವರ ಕಿವಿಗೆ ಹಾಕಿದರು. ಮುಂದಿನ ವಾರ ಬೆಂಚಿನ ಮೇಲೆ ಮೂವರು ತಾವಾಗಿಯೇ ಬಂದು ನನ್ನ ಪಕ್ಕ ಕೂತರು. ಒಬ್ಬಳು ಹೆಣ್ಣುಮಗಳು, ಸೆರಗು ಮುಖದ ತನಕ. ಹೆಸರಿನ ಭಾಗ ಮಡಚಿ ಔಷಧದ ಚೀಟಿ ಕೊಟ್ಟರು, ನಾನೂ ಬಿಚ್ಚಿ ನೋಡಲಿಲ್ಲ. ಐದು ಚೀಟಿ ಹಿಡಿದು ನಾನೂ ಸಂಗಪ್ಪನೂ ಗ್ರಾಂಟ್ ರೋಡಿನಲ್ಲಿ ಔಷಧ ಸಗಟು ಮಾರುವ ಒಬ್ಬ ಠೋಕ್ ವ್ಯಾಪಾರಿಯ ಹತ್ತಿರ ಹೋದೆವು. ಗುಜರಾತಿನ ಮುದುಕ, ಗಾದಿಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತ ನಮ್ಮನ್ನು ನೋಡಿಯೂ ನೋಡದವನ ಹಾಗಿದ್ದ. ನಾನು ದರ ಕೇಳಿದೆ, ಅವನು ಅಂಗಡಿಯ ದರವನ್ನೇ ಹೇಳಿದ. ತಿಂಗಳಿಗೆ ಐದು ಜನರದ್ದು ಒಟ್ಟಿಗೆ ಎತ್ತುತ್ತೇನೆ, ಕೈಯಲ್ಲಿ ನಗದು, ದರ ಮುರಿಯಬೇಕು ಎಂದೆ. “ಅರೆ ಬಾಯಿ, ಯೇ ದವಾಯಿ ಹೈ, ಜ್ವಾರಿ ನಹೀಂ” ಎಂದ. ಔಷಧವಿರಲಿ ಜೋಳವಿರಲಿ, ಪುಡಿಕೆ ಒಯ್ಯುವವನಿಗೂ ಚೀಲ ಎತ್ತುವವನಿಗೂ ಒಂದೇ ದರ ಹೇಳುವವನು ವ್ಯಾಪಾರಿಯಲ್ಲ, ಸರಕಾರ ಎಂದು ನನ್ನ ಹಿಂದಿಯಲ್ಲಿ ಹೇಳಿದೆ. ಅವನು ಫೋನ್ ಕೆಳಗಿಟ್ಟ. ನಕ್ಕ. ಚಹಾ ತರಿಸಿದ. ಚಹಾ ತರಿಸಿದ ವ್ಯಾಪಾರಿ ಮುರಿಯದೇ ಇರುವುದಿಲ್ಲ. ಬಾಟಲಿಗೆ ಐದರಲ್ಲಿ ಒಂದು ಪಾಲು ಇಳಿಸಿದ. ಹೊರಗೆ ಬಂದ ಮೇಲೆ ಸಂಗಪ್ಪ, “ದೊಡ್ಡವ್ವ, ನನ್ನ ಬ್ಯಾನಿ ಮ್ಯಾಲೂ ಚೌಕಾಸಿ ಮಾಡಿದ್ಯಲ್ಲ” ಎಂದು ಫುಟ್‌ಪಾತಿನ ಮೇಲೆ ನಿಂತು ನಕ್ಕ. ಎಷ್ಟೋ ತಿಂಗಳಾದ ಮೇಲೆ ಅವನ ಹಲ್ಲು ನೋಡಿದೆ.

ದರ ಇಳಿದರೂ ನಗದು ಬೇಕಲ್ಲ. ಖಾನಾವಳಿಯಲ್ಲಿ ಒಂದು ಭಿಶಿ ನಡೆಯುತ್ತದೆ: ಮೆಂಬರುಗಳೆಲ್ಲ ತಿಂಗಳಿಗೆ ಇಷ್ಟು ಎಂದು ಹಾಕುವುದು, ಚೀಟಿ ಎತ್ತಿದವನು ಪೂರ್ತಿ ರೊಕ್ಕ ಒಯ್ಯುವುದು, ಆಮೇಲೆ ತಿಂಗಳು ತಿಂಗಳು ತನ್ನ ಕಂತು ತುಂಬುವುದು. ಪಾಳಿ ಮೀರಿ ಯಾರಿಗಾದರೂ ಮೊದಲೇ ಬೇಕಾದರೆ ಎಲ್ಲರ ಎದುರು ಎದ್ದು ನಿಂತು ಕಾರಣ ಹೇಳಬೇಕು. ಇದು ನಾನೇ ಮಾಡಿದ ನಿಯಮ. ಹಿಂದೊಬ್ಬ ತಾಯಿ ಸತ್ತಳೆಂದು ಕಿವಿಯಲ್ಲಿ ಹೇಳಿ ರೊಕ್ಕ ಒಯ್ದು ಟೀವಿ ತಂದಿದ್ದ, ಅವನ ತಾಯಿ ಮುಂದಿನ ತಿಂಗಳು ಮಗನನ್ನು ನೋಡಲು ಬಂದು ನನ್ನಲ್ಲೇ ಉಂಡು ಹೋದಳು. ಈಗ ಆ ನಿಯಮ ನನ್ನ ಕೊರಳಿಗೇ ಬಂತು. ನಿಯಮ ಮುರಿಯುವುದು ನನ್ನ ಕೈಯಲ್ಲೇ ಇತ್ತು. ಸಂಗಪ್ಪ ಬೇಡ ಎಂದ. “ಎಷ್ಟ ದಿನಾ ಬಾಟ್ಲಿ ಜ್ವಾಳದ ಚೀಲದಾಗ ಹುಗಿಯೂದು? ಅಪ್ಪ ಒಬ್ಬ ಹೊರಗ ಹಾಕಿದ. ಇವರೂ ಹಾಕಿದ್ರ ಹಾಕ್ಲಿ” ಎಂದ. ನನಗೆ ಒಳಗೊಳಗೆ ಲೆಕ್ಕ ಓಡುತ್ತಿತ್ತು. ಐವತ್ತು ಮೆಂಬರು, ಹತ್ತೊಂಬತ್ತು ವರ್ಷದ ಖಾನಾವಳಿ. ಎದ್ದು ಹೋದರೆ ನನಗೆ ಒಲೆ ಇಲ್ಲ, ಅವನಿಗೆ ಗುಳಿಗೆ ಇಲ್ಲ.

ಎಳ್ಳ ಅಮಾವಾಸ್ಯೆಯ ಸಂಜೆ ಎಲ್ಲರೂ ಇರುತ್ತಾರೆ. ಇಲ್ಲಿ ಹೊಲ ಎಲ್ಲಿಂದ ಬರಬೇಕು, ರೈಲು ಹಳಿಯ ಪಕ್ಕದ ಕಸದ ಹಸಿರಿಗೇ ನಮ್ಮವರು ಭೂಮಿತಾಯಿಯ ಎಡೆಯೆಂದು ಚರಗ ಚೆಲ್ಲಿ ಬರುತ್ತಾರೆ. ಫಾಸ್ಟ್ ಲೋಕಲ್ ಹಾದುಹೋದರೆ ಅರ್ಧ ಚರಗ ಠಾಣಾಕ್ಕೆ ಹೋಗುತ್ತದೆ. ಹಾಗೆ ಚೆಲ್ಲಿ ಬಂದು ಸಾಲಾಗಿ ಕೂತಿದ್ದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಎಣ್ಣೆಗಾಯಿ ಬಡಿಸಿಯಾಗಿತ್ತು. ಸಂಗಪ್ಪ ನೀರಿನ ತಂಬಿಗೆ ಕೆಳಗಿಟ್ಟು ನಡುವೆ ನಿಂತ. “ಎಲ್ಲಾರೂ ಒಂದೀಟು ಕೇಳ್ರಿ. ರೇಡಿಯೋದಾಗ ಹೇಳ್ತಾರಲ್ಲ ಏಡ್ಸ್, ಅದರ ಹುಳ ನನ್ನ ರಕ್ತದಾಗ ಐತಿ. ಗುಳಿಗಿ ತಗೊಳ್ಳಾಕತ್ತೀನಿ, ಅದಕ ಭಿಶಿ ಬೇಕಾಗೇತಿ. ನಿಮಗ ನೀರ ಕೊಡೂದು ನಾನು, ತಾಟ ತೊಳಿಯೂದು ನಾನು. ಹಂಗ ಬರೂದಿಲ್ಲಂತ ಡಾಕ್ಟರ್ ಹೇಳ್ಯಾರ. ನಂಬೂದು ಬಿಡೂದು ನಿಮಗ ಬಿಟ್ಟದ್ದು” ಎಂದು ಹೇಳಿ ಗೋಡೆಗೆ ಬೆನ್ನು ಹಚ್ಚಿದ. ಅಯ್ಯನವರು ಅವನ ಪಕ್ಕಕ್ಕೆ ಹೋಗಿ ನಿಂತು, “ನನಗೂ ಅದೇ ಐತಿ” ಎಂದರು. ಇಬ್ಬರದೂ ಒಂದೇ ಸಲ ಕೇಳಿ ಮುಗಿಯಲಿ ಎಂಬಂತೆ.

ದಾನವ್ವ, ನಾಲ್ಕು ಜನ ಎದ್ದು ಕೈ ತೊಳೆದುಕೊಂಡರು. ಐದನೆಯವನು ಅರ್ಧ ಎದ್ದು, ಎಣ್ಣೆಗಾಯಿ ನೋಡಿ, ಹಾಗೇ ಬಗ್ಗಿಕೊಂಡು ನಿಂತ. ಆಗ ನೀಲಕಂಠಪ್ಪ ಬಾಯಿ ತೆಗೆದ. ನನ್ನಲ್ಲಿ ಎಲ್ಲರಿಗಿಂತ ಹಳೆಯ ಮೆಂಬರು ಅವನು, ಕಾರಖಾನೆಯಲ್ಲಿ ಫಿಟ್ಟರ್, ಒರಟ, ಅವನ ಮಾತನ್ನು ಸಾಲಿಗೆ ಸಾಲೇ ಕೇಳುತ್ತದೆ. “ಸಾರು ಸಪ್ಪಗಾಗಿದ್ದು ಇದಕೇನು, ರುದ್ರಕ್ಕ?” ಎಂದು ನನ್ನನ್ನು ಕೇಳಿದ. ಹೌದು ಎಂದೆ. “ಎರಡ ತಿಂಗಳಾತು, ನಾ ನನ್ನ ನಾಲಿಗೀನ ಕೆಟ್ಟೈತಿ ಅಂದಕೊಂಡು ದವಾಖಾನಿಗಿ ಹೋಗಿ ಬಂದೆ. ನಲವತ್ತು ರೂಪಾಯಿ ತಗೊಂಡ ಡಾಕ್ಟರ್” ಎಂದ. ಯಾರೋ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. “ಈ ತಿಂಗಳ ಪಾಳಿ ನಂದೈತಿ. ಅವನಿಗಿ ಕೊಡ್ರಿ. ಬರೂ ತಿಂಗಳದು ಅಯ್ಯಾರಿಗಿ ಕೊಡ್ರಿ. ಆದ್ರ ನಾಳಿಂದ ಸಾರಿಗಿ ಖಾರ ಬೀಳಬೇಕು. ಅವನ ಬಾಯಿ ಮಾಯ್ದಿಲ್ಲಂದ್ರ ಅವನಿಗಿ ಮಜ್ಜಿಗಿ ಹಾಕ್ರಿ, ನಮಗ್ಯಾಕ ಶಿಕ್ಷಾ?” ಎಂದು ಹೇಳಿ ತಾಟನ್ನು ಮುಂದೆ ಚಾಚಿದ. “ಏ ಸಂಗ್ಯಾ, ಗ್ವಾಡಿ ಬೀಳೂದಿಲ್ಲ, ಬಿಟ್ಟು ಬಾ. ಇನ್ನೊಂದು ಕಡಬು ಹಾಕು.” ಅರ್ಧ ಎದ್ದವನು ಕೂತ. ಸಂಗಪ್ಪ ಕಡಬಿನ ಬುಟ್ಟಿ ಎತ್ತಿಕೊಂಡು ಬಂದ, ಒಂದರ ಬದಲು ಮೂರು ಹಾಕಿದ. ನೀಲಕಂಠಪ್ಪ ಮೂರನ್ನೂ ತಿಂದ.

ಎದ್ದುಹೋದ ನಾಲ್ವರಲ್ಲಿ ಇಬ್ಬರು ಒಂದು ತಿಂಗಳು ಬೇರೆ ಕಡೆ ಉಂಡು, ಅಲ್ಲಿ ಬೇಳೆಗೆ ಬೆಲ್ಲ ಹಾಕುತ್ತಾರೆಂದು ಮರಳಿ ಬಂದರು. ನಾನು ಏನೂ ಕೇಳಲಿಲ್ಲ, ಹಳೆಯ ಬಾಕಿ ಮಾತ್ರ ಕೇಳಿದೆ. ಇನ್ನಿಬ್ಬರು ಬರಲಿಲ್ಲ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅದೂ ಇದೆ, ಮುಚ್ಚಿಡುವುದಿಲ್ಲ. ಆದರೆ ಈಗ ನಿನ್ನ ಮಗನನ್ನು ನೋಡಬೇಕು. ಪೂರ್ತಿ ಗುಳಿಗೆ ಹೊಟ್ಟೆಗೆ ಬಿದ್ದ ಮೇಲೆ ಭೇದಿ ನಿಂತಿತು. ಹಸಿವು ಎಂದರೆ ಎಂಥ ಹಸಿವು, ಮೆಂಬರುಗಳಿಗೆ ಎಣಿಸಿಟ್ಟ ರೊಟ್ಟಿ ಕಡಿಮೆ ಬೀಳುತ್ತಿದೆ. ಅಂಗಿಯೊಳಗೆ ಈಗ ಮನುಷ್ಯ ಇದ್ದಾನೆ. ಮೊನ್ನೆ ಜೋಳದ ಚೀಲ ಹೊತ್ತು ಮೆಟ್ಟಿಲು ಹತ್ತಿದ, ನಾನು ಬೈದೆ, ಅವನು ಇನ್ನೊಂದು ತಂದ. ಉಗುರುಗಳು ಮಾತ್ರ ಕಪ್ಪಗೆ ನೀಲಿಗೆ ತಿರುಗಿವೆ, ನಾನು ಹೆದರಿ ಓಡಿದ್ದಕ್ಕೆ ಡಾಕ್ಟರರು, “ಅದು ಔಷಧಿ ಗುರುತು ಅಮ್ಮ, ಭಯ ಬೇಡ” ಎಂದರು. ಅಯ್ಯನವರದೂ ಹಾಗೇ ಆಗಿವೆ. ಇಬ್ಬರೂ ಕೈ ಪಕ್ಕಪಕ್ಕ ಇಟ್ಟು ಯಾರದು ಹೆಚ್ಚು ಕಪ್ಪು ಎಂದು ಪಂದ್ಯ ಕಟ್ಟುತ್ತಾರೆ, ನೀಲಕಂಠಪ್ಪ ತೀರ್ಪು ಕೊಡುತ್ತಾನೆ. ಸೆರಗು ಮುಚ್ಚಿ ಕೂತಿದ್ದ ಆ ಹೆಣ್ಣುಮಗಳು ಮೊನ್ನೆ ಬಾಟಲಿ ಒಯ್ಯಲು ಬಂದವಳು ಸೆರಗು ಸರಿಸಿ ಕೂತು ಚಹಾ ಕುಡಿದು ಹೋದಳು.

ಎಷ್ಟು ವರ್ಷ ಎಂದು ಡಾಕ್ಟರರನ್ನು ಕೇಳಿದೆ. ನ್ಯಾಯವಾಗಿ ಕೇಳಬೇಕಾದದ್ದೇ. “ಗೊತ್ತಿಲ್ಲ ಅಮ್ಮ. ಗೊತ್ತಿದೆ ಅಂದ್ರೆ ಸುಳ್ಳಾಗುತ್ತೆ. ಈ ಔಷಧಿ ಒಂದಷ್ಟು ಕಾಲ ಹಿಡಿಯುತ್ತೆ. ಅಷ್ಟರಲ್ಲಿ ಬೇರೆ ಬರಬಹುದು, ಎಲ್ಲ ಕಡೆ ಹುಡುಕ್ತಿದಾರೆ. ತಿಂಗಳು ತಿಂಗಳು ರಕ್ತ ನೋಡ್ತಾ ಇರೋಣ” ಎಂದರು. ನಿನ್ನ ಯಜಮಾನರು ಗುಣ ಆದ ಮೇಲೆ ಬಾ ಎಂದಿದ್ದಾರೆ. ಅವರು ಹೇಳುವ ಆ ಗುಣ ಈ ಗುಳಿಗೆಯಲ್ಲಿ ಇಲ್ಲ, ಇದ್ದಿದ್ದರೆ ಮೊದಲ ಗಾಡಿಗೆ ಕಳಿಸುತ್ತಿದ್ದೆ. ಇರುವುದು ಇಷ್ಟು: ಹುಡುಗ ಎದ್ದು ಓಡಾಡುತ್ತಿದ್ದಾನೆ, ಉಣ್ಣುತ್ತಿದ್ದಾನೆ, ನಗುತ್ತಿದ್ದಾನೆ, ನಾಳೆಗೂ ಇರುತ್ತಾನೆ. ನನ್ನ ಧಂದೆಯಲ್ಲಿ ನಾಳೆಯ ಹಿಟ್ಟು ಇವತ್ತೇ ಮನೆಯಲ್ಲಿದ್ದರೆ ಸುಖವಾಗಿ ಮಲಗುತ್ತೇನೆ, ಬರುವ ವರ್ಷದ ಸುಗ್ಗಿ ಕೈಗೆ ಬಂದ ಮೇಲೆಯೇ ಒಲೆ ಹಚ್ಚುತ್ತೇನೆ ಎಂದು ಯಾವತ್ತೂ ಕೂತಿಲ್ಲ. ಶಿವಪುತ್ರಪ್ಪನವರು ಹಾಗೆ ಕಾಯುತ್ತ ಕೂರಲು ಹೇಳುತ್ತಿದ್ದಾರೆ. ಅವರು ರೊಕ್ಕ ಕಳಿಸುವುದು ಬೇಡ. ಅಪ್ಪನ ಹೆಸರು ಬಂದಾಗ ಸಂಗಪ್ಪ ನೀರು ತರಲು ಎದ್ದು ಹೋಗುತ್ತಾನೆ, ತುಂಬಿದ ಕೊಡವನ್ನೇ ತುಂಬಲು ಹೋಗುತ್ತಾನೆ. ಅದೊಂದಕ್ಕೆ ಗ್ರಾಂಟ್ ರೋಡಿನಲ್ಲಿ ಔಷಧ ಸಿಗಲಿಲ್ಲ, ಉಳಿದದ್ದಕ್ಕೆಲ್ಲ ಸಿಕ್ಕಿತು.

ಶಿವರಾತ್ರಿ ಹತ್ತಿರ ಬಂತು. ಉಪವಾಸ ಎಂದು ನೀನು ನೀರೂ ಬಿಡಬೇಡ, ಖರ್ಜೂರ ತಿನ್ನು. ಇಲ್ಲಿ ಇಬ್ಬರಿಗೂ ಉಪವಾಸ ಇಲ್ಲ, ಅಯ್ಯನವರೇ ಅಪ್ಪಣೆ ಕೊಟ್ಟುಕೊಂಡಿದ್ದಾರೆ. ಸೊಸೆಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ, ಮೊಣಕಾಲಿಗೆ ಎಣ್ಣೆ, ನಿನಗೆ ನೂರು ವರ್ಷ. ಓಣಿಯವರು ಕೇಳಿದರೆ ರುದ್ರವ್ವನ ಖಾನಾವಳಿ ನಡೆಯುತ್ತಿದೆ ಎಂದು ಹೇಳು, ಹೇಗೆ ಎಂದು ಕೇಳಿದರೆ ಜೋರಾಗಿ ಎಂದು ಹೇಳು.

ನಿನ್ನ ಅಕ್ಕ,
ರುದ್ರವ್ವ

ತಾ.ಕ.: ಪಾಕೀಟು ಅಂಟಿಸುವ ಹೊತ್ತಿಗೆ ಒಂದು ಸಂಗತಿ ಆಗಿದೆ, ಅವಸರದಲ್ಲಿ ಬರೆಯುತ್ತೇನೆ. ನಿನ್ನ ಯಜಮಾನರು ಸೋಲಾಪುರಕ್ಕೆ ಅಡತಿ ಕೆಲಸಕ್ಕೆ ಹೋಗಿದ್ದಾರೆ ಎಂದು ನೀನು ತಿಳಿದಿದ್ದೀಯಲ್ಲ, ಅವರು ಸೋಲಾಪುರದಲ್ಲಿ ಇಳಿಯಲಿಲ್ಲ. ಇಲ್ಲಿದ್ದಾರೆ. ನಿನ್ನ ಅಡಿಗೆಮನೆಯಲ್ಲಿ ತುಪ್ಪದ ಡಬ್ಬಿ ಕಾಣೆಯಾಗಿದ್ದರೆ ಬೆಕ್ಕನ್ನು ಹೊಡೆಯಬೇಡ, ಅದೂ ಇಲ್ಲಿದೆ. ಮಧ್ಯಾಹ್ನ ಬಾಗಿಲಿಗೆ ಬಂದು ನಿಂತು, “ಲೆಕ್ಕಾ ಕಳಸಲಿಲ್ಲಲ್ಲ ಅಕ್ಕಾರ, ಅದಕ್ಕ ನೋಡಾಕ ಬಂದೆ” ಎಂದರು. ಈ ಪತ್ರವನ್ನೇ ಕೈಗೆ ಕೊಡೋಣ ಎಂದುಕೊಂಡೆ. ಅಷ್ಟರಲ್ಲಿ ಸಂಗಪ್ಪ ಒಳಗಿನಿಂದ ರೊಟ್ಟಿಯ ಬುಟ್ಟಿ ಹೊತ್ತು ಬಂದ. ಅಪ್ಪನನ್ನು ನೋಡಿ ನಿಂತ. ಅವರೂ ನಿಂತರು. ನೀಲಕಂಠಪ್ಪ, ಅವರು ಯಾರೆಂದು ತಿಳಿಯದೆ, “ಯಜಮಾನರ, ಹಾದಿ ಬಿಡ್ರಿ, ಇಲ್ಲಾ ಕೂಡ್ರಿ, ನಮಗ ಹಸವಾಗೇತಿ” ಎಂದ. ಕೂತರು. ಸಾಲಿನ ನಡುವೆ ಕೂತರು. ಸಂಗಪ್ಪ ಬಡಿಸಿದ, ಅವರು ಉಂಡರು. ಎರಡನೆಯ ರೊಟ್ಟಿಗೆ ಡಬ್ಬಿ ಬಿಚ್ಚಿ, ತಮ್ಮ ತಾಟಿಗೆ ಹಾಕಿಕೊಳ್ಳದೆ, ಅವನನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿ, “ಮೊದಲ ನೀ ಉಣ್ಣು, ಮನೀ ತುಪ್ಪ ಐತಿ” ಎಂದರು. ಮುಂದೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಬುಧವಾರದ ಗಾಡಿಗೆ ಇಬ್ಬರೂ ಹೊರಡುತ್ತಾರೆ, ಒಂದು ತಿಂಗಳ ಗುಳಿಗೆ ಕಟ್ಟಿ ಕೊಡುತ್ತೇನೆ, ಮುಂದಿನ ರಕ್ತ ಪರೀಕ್ಷೆಗೆ ವಾಪಸು ಕಳಿಸು. ನಿನಗೆ ತಿಳಿಸಬೇಡಿ ಎಂದಿದ್ದಾರೆ, ಅದಕ್ಕೇ ತಿಳಿಸುತ್ತಿದ್ದೇನೆ. ಒಳಗೆ ಹಾಸಿಗೆ ಹಾಸು.

ನಿನ್ನ ಯಜಮಾನರು ಕೇಳಿದ ಲೆಕ್ಕದ ಇನ್ನೊಂದು ಬದಿ, ಬಂದದ್ದು ಯಾರಿಗೆ ಏನು ಎಂಬುದು:
ಚನ್ನಬಸಯ್ಯನವರಿಗೆ, ಪೂರ್ತಿ ಬಾಟಲಿ ಮತ್ತು ಎರಡು ಹೊತ್ತು ರೊಟ್ಟಿ.
ಬೆಂಚಿನ ಮೂವರಿಗೆ, ಐದರಲ್ಲಿ ಒಂದು ಪಾಲು ಉಳಿತಾಯ.
ನೀಲಕಂಠಪ್ಪನಿಗೆ, ಖಾರ.
ಸಂಗಪ್ಪನಿಗೆ, ಒಂಬತ್ತು ಕಿಲೋ ತೂಕ ಮತ್ತು ಅಪ್ಪ.
ಶಿವಪುತ್ರಪ್ಪನವರಿಗೆ, ಮಗ.
ನಿನಗೆ, ಬುಧವಾರ.
ನನಗೆ, ದುಡ್ಡು ಕೊಡದೆ ಉಂಡ ಒಬ್ಬ ಹೊಸ ಗಿರಾಕಿ.